ಕಸದ ಡಬ್ಬಿಯಿಂದಾದರೆ ತಗೋತೀನಿ

ಇಮ್ರೊ ವಾಸಿಲ್ಕೊನನ್ನು ಮಣ್ಣು ಮಾಡಿದ ದಿನ ಪಾದ್ರಿಗಳು ಅವನ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು, ಕಾಯಿಲೆಯ ಹೆಂಡತಿಯನ್ನು ಕೊನೆಯವರೆಗೂ ನೋಡಿಕೊಂಡವನು, ನಿವೃತ್ತನಾದ ಮೇಲೆ ಸಮುದ್ರದಾಚೆಯ ಬಡ ಆಸ್ಪತ್ರೆಗಳಿಗೆ ಸಾಮಾನು ಕಟ್ಟಿ ಕಳಿಸಿದವನು ಎಂದರು. ಎಲ್ಲವೂ ನಿಜ. ಆದರೂ ಕೇಳುತ್ತ ಕೂತ ನನಗೆ ಅವರು ಬೇರೆ ಯಾರ ಬಗ್ಗೆಯೋ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಅವನು ಮಾಡಿದ ಅತಿ ಕಷ್ಟದ ಕೆಲಸವನ್ನು ಅವರು ಹೇಳಲಿಲ್ಲ. ಚರ್ಚಿನೊಳಗೆ ಹೇಳುವಂಥದ್ದಲ್ಲ ಎಂದು ಬಿಟ್ಟಿರಬೇಕು. ಇಮ್ರೊ ಮಾತ್ರ ಅದನ್ನು ಅದೇ ಚರ್ಚಿನ ಪಕ್ಕದ ಹಳೆ ಶಾಲೆಯ ನೆಲಮಾಳಿಗೆಯಲ್ಲಿ, ಹಿಟ್ಟು ಮೆತ್ತಿದ ಕೈಗಳ ಹೆಂಗಸರೆಲ್ಲರ ಎದುರಿಗೆ, ತಾನೇ ಬಾಯಿಬಿಟ್ಟು ಹೇಳಿದ್ದ. ಹಾಗಾಗಿ ನಾನು ಬರೆದರೆ ಗುಟ್ಟು ರಟ್ಟು ಮಾಡಿದಂತೆ ಆಗುವುದಿಲ್ಲ.

ನಮ್ಮದು ಒಹಾಯೋದಲ್ಲಿ ನದಿಯ ದಂಡೆಗೆ ಅಂಟಿಕೊಂಡ ಊರು. ನಮ್ಮ ಅಜ್ಜಂದಿರು ಸ್ಲೋವಾಕ್ ಬೆಟ್ಟಗಳಿಂದ ಇಲ್ಲಿನ ಕುಲುಮೆಗಳನ್ನು ಹುಡುಕಿಕೊಂಡು ಬಂದವರು. ಇಮ್ರೊ ಆ ಕುಲುಮೆಗಳ ಮೇಲೆ ಕ್ರೇನು ಓಡಿಸುತ್ತಿದ್ದ. ಕೆಳಗೆ ಮನುಷ್ಯರು ಓಡಾಡುತ್ತಿರುವಾಗ ಅವರ ತಲೆಯ ಮೇಲೆ ಕರಗಿದ ಉಕ್ಕು ತುಂಬಿದ ಕೊಪ್ಪರಿಗೆಯನ್ನು ಹೊತ್ತು ಸಾಗುವ ಕೆಲಸ. ಆ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅದರ ಅಭ್ಯಾಸ ಅವನ ಕೈಯಿಂದ ಹೋಗಿರಲಿಲ್ಲ. ಏನನ್ನೇ ಕೆಳಗಿಟ್ಟರೂ ಸದ್ದಾಗುತ್ತಿರಲಿಲ್ಲ. ಕಾಫಿ ಲೋಟವನ್ನು ಮೇಜಿನ ಮೇಲಿಡುವಾಗಲೂ ಅದರ ಕೆಳಗೆ ಯಾರೋ ನಿಂತಿದ್ದಾರೆಂಬಂತೆ ಇಡುತ್ತಿದ್ದ.

ನಾನು ಊರಿನ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದೆ. ನಮ್ಮಿಬ್ಬರ ಮನೆಗಳ ನಡುವೆ ಒಂದು ದ್ರಾಕ್ಷಿ ಚಪ್ಪರ ಮಾತ್ರ. ನನ್ನನ್ನು ಅವನು ಮೇಷ್ಟ್ರು ಎಂದೇ ಕರೆಯುತ್ತಿದ್ದ. ಪುಸ್ತಕ ಹಿಡಿದು ಅಂಗಳದಲ್ಲಿ ಕೂತರೆ ಚಪ್ಪರದಾಚೆಯಿಂದ ಕೇಳುತ್ತಿದ್ದ: ರೋಮ್ ಯಾಕೆ ಬಿತ್ತು ಅಂತ ಗೊತ್ತಾಯ್ತಾ, ನಿನ್ನ ಅಡುಗೆಮನೆ ನಲ್ಲಿ ಯಾಕೆ ಸೋರುತ್ತೆ ಅಂತ ಗೊತ್ತಾಯ್ತಾ?

ನಮ್ಮನ್ನೆಲ್ಲ ಆ ಹಳೆ ಶಾಲೆಗೆ ಎಳೆದು ತಂದವಳು ಮಿಲಾ ಗ್ರೆಗಾ. ಜಿಲ್ಲೆಯ ದೊಡ್ಡ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸಾಗಿದ್ದವಳು. ಒಬ್ಬ ರೋಗಿಗೆಂದು ಕೋಣೆಯೊಳಗೆ ತಂದ ಪೊಟ್ಟಣ ಬಿಚ್ಚದೇ ಉಳಿದರೂ ಮತ್ತೆ ಕಪಾಟಿಗೆ ಹೋಗುವಂತಿಲ್ಲ. ಆಸ್ಪತ್ರೆ ಬೇರೆ ಕಂಪನಿಯ ಸಾಮಾನು ತರಿಸಿದರೆ ಹಳೆಯದೆಲ್ಲ ಒಟ್ಟಿಗೇ ಹೊರಗೆ. ಹೊಲಿಗೆ ದಾರ, ಕೈಗವಸು, ನಳಿಗೆ, ಚೀಲ ಎಲ್ಲವೂ ಹೊಸದಾಗಿಯೇ ಕಸಕ್ಕೆ. ಬ್ರೆಡ್ಡಿನ ಪ್ಲಾಸ್ಟಿಕ್ ಚೀಲವನ್ನೂ ತೊಳೆದು ಒಣಹಾಕುವ ತಾಯಿಯ ಮಗಳಾದ ಮಿಲಾಗೆ ಅದನ್ನು ನೋಡಲಾಗಲಿಲ್ಲ. ನಿವೃತ್ತಳಾದ ಮೇಲೆ ಆಸ್ಪತ್ರೆಯವರೊಂದಿಗೆ ಮಾತಾಡಿ, ಮಕ್ಕಳಿಲ್ಲದೆ ಮುಚ್ಚಿದ್ದ ಶಾಲೆಯ ಬೀಗ ತೆಗೆಸಿದಳು. ಪ್ರತಿ ಗುರುವಾರ ಕೆಳಗೆ ನೆಲಮಾಳಿಗೆಯಲ್ಲಿ ಶುಕ್ರವಾರದ ಮಾರಾಟಕ್ಕೆ ಪಿರೋಹಿ ಕಡುಬು ಮಾಡುವುದು, ಮೇಲೆ ತರಗತಿಗಳಲ್ಲಿ ಆಸ್ಪತ್ರೆಯ ಸಾಮಾನು ವಿಂಗಡಿಸುವುದು. ತುಂಬಿದ ಮೇಲೆ ಒಂದು ಕಂಟೇನರು ಮಲಾವಿಗೋ ಹೊಂಡುರಾಸಿಗೋ ಹೊರಡುತ್ತಿತ್ತು.

ನಿಯಮಗಳು ಸರಳ. ಹಡಗು, ಸುಂಕದ ಕಟ್ಟೆ ಎಲ್ಲ ದಾಟಿ ತಲುಪುವಷ್ಟರಲ್ಲಿ ಅವಧಿ ಮುಗಿಯುವಂಥದ್ದನ್ನು ಕಳಿಸುವಂತಿಲ್ಲ. ಹರಿದದ್ದನ್ನು ಕಳಿಸುವಂತಿಲ್ಲ. ಕಳಿಸಲು ಯೋಗ್ಯವಾದ ಯಾವುದನ್ನೂ ಊರಿನಲ್ಲಿ ಯಾರಿಗೂ ಕೊಡುವಂತಿಲ್ಲ. ಆಸ್ಪತ್ರೆಯ ಕರಾರೇ ಹಾಗಿತ್ತು. ಕಪ್ಪು ಹಲಗೆಯ ಮೇಲೆ ಮಿಲಾ ದೊಡ್ಡದಾಗಿ ಬರೆದಿದ್ದಳು: "ನಿಮ್ಮಮ್ಮನಿಗೆ ಹಾಕ್ತೀರಾ? ಇಲ್ಲ ಅಂದ್ರೆ ಡಬ್ಬಿಗೆ." ಬಾಗಿಲ ಬಳಿ ನೀಲಿ ಕಸದ ಡಬ್ಬಿ ಇತ್ತು. ಇಮ್ರೊ ಒಂದೊಂದು ಪೆಟ್ಟಿಗೆಯ ಮೇಲಿನ ತಾರೀಖನ್ನೂ ಕನ್ನಡಕ ಹಣೆಗೇರಿಸಿ ಓದಿ, ಇದು ಹಡಗಿಗೆ, ಇದು ಡಬ್ಬಿಗೆ ಎಂದು ಹೇಳುತ್ತಿದ್ದ. ತಪ್ಪಾಗಿ ಕಳಿಸಿದರೆ ಅಲ್ಲಿನ ಮನುಷ್ಯ ನಮ್ಮನ್ನು ಏನಂದುಕೊಂಡಾನು ಎಂಬುದು ಅವನ ಚಿಂತೆ.

ಅವನಿಗೆ ಕರುಳಿನ ಆಪರೇಷನ್ ಆದಾಗ ಊರಿಗೆಲ್ಲ ಗೊತ್ತಾಯಿತು. ಗಡ್ಡೆ ತೆಗೆದರು, ಗುಣವಾಯಿತು ಎಂದಷ್ಟೇ ಗೊತ್ತಾಗಿದ್ದು. ಹೊಟ್ಟೆಯ ಎಡಕ್ಕೆ ಒಂದು ತೂತು ಮಾಡಿ ಕರುಳಿನ ತುದಿಯನ್ನು ಅಲ್ಲಿಗೆ ತಂದಿದ್ದರು, ಅಲ್ಲಿ ಸದಾ ಒಂದು ಚೀಲ ಅಂಟಿಸಿಕೊಂಡಿರಬೇಕು ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ, ನನಗೂ. ಅಂಗಿಯನ್ನು ಪ್ಯಾಂಟಿನ ಹೊರಗೆ ಬಿಡತೊಡಗಿದ. ವಯಸ್ಸಾಯಿತು ಎಂದುಕೊಂಡೆ.

ಅದಾಗಿ ಸ್ವಲ್ಪ ಕಾಲಕ್ಕೆ ಕಾರ್ಖಾನೆಯನ್ನು ಕೊಂಡಿದ್ದ ಕಂಪನಿ ದಿವಾಳಿ ಎದ್ದಿತು. ನಿವೃತ್ತರ ವೈದ್ಯಕೀಯ ಖರ್ಚು ಇನ್ನು ತನ್ನದಲ್ಲ ಎಂದಿತು. ಊರಿನ ಮುದುಕರೆಲ್ಲ ಹೋಟೆಲಿನಲ್ಲಿ ಕೂತು ಬೈದರು. ಇಮ್ರೊ ಬೈಯಲಿಲ್ಲ. ಅವನಿಗೆ ಸಿಕ್ಕ ಹೊಸ ವಿಮೆಯಲ್ಲಿ ತಿಂಗಳಿಗೆ ಕೊಡುವ ಚೀಲ ಸಾಲುತ್ತಿರಲಿಲ್ಲ. ಒಂದನ್ನೇ ತೊಳೆದು ತೊಳೆದು ಹಾಕಿಕೊಳ್ಳತೊಡಗಿದ್ದ. ತೊಳೆದ ಚೀಲದ ಅಂಟು ಬಿಡುತ್ತದೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಒಂದು ಗುರುವಾರ ನಾವೆಲ್ಲ ತರಗತಿಯಲ್ಲಿ ಮೇಜಿನ ಸುತ್ತ ಕೂತಿದ್ದೆವು. ಕೆಳಗಿನಿಂದ ಮಿಲಾ ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತಳು.

"ಅಯ್ಯೋ, ಏನ್ರೀ ಇದು ನಾತ? ಯಾರದು ಅಂತ ಈಗಲೇ ಒಪ್ಕೊಂಡ್ಬಿಡಿ."

ಎಲ್ಲರೂ ನಕ್ಕರು. ಕಡುಬಿಗೆ ತುಂಬುವ ಹುಳಿ ಎಲೆಕೋಸಿನ ಒಂದು ಪೀಪಾಯಿ ಕೆಟ್ಟುಹೋಗಿತ್ತು. ಅದನ್ನು ಮೇಲಿನ ಓಣಿಯಲ್ಲಿ ಇಟ್ಟಿದ್ದರು. ಅದು ಸಿಕ್ಕಿ, ಹೊರಗೆ ಚೆಲ್ಲಿ, ಕಿಟಕಿ ತೆಗೆದು ಬರುವಷ್ಟರಲ್ಲಿ ಇಮ್ರೊನ ಕುರ್ಚಿ ಖಾಲಿಯಾಗಿತ್ತು. ಕೋಟು ತೆಗೆದುಕೊಂಡು ಹೋಗಿಬಿಟ್ಟಿದ್ದ.

ಮುಂದಿನ ಗುರುವಾರ ಬರಲಿಲ್ಲ. ಭಾನುವಾರದ ಪೂಜೆಗೆ ಬರಲಿಲ್ಲ. ಇಸ್ಪೀಟಿಗೂ ಇಲ್ಲ. ನಮ್ಮ ಜನರ ರೀತಿ ಏನೆಂದರೆ, ಒಬ್ಬ ಬರುವುದು ನಿಲ್ಲಿಸಿದರೆ ಅವನು ಮುನಿಸಿಕೊಂಡಿದ್ದಾನೆ ಎಂದೇ ಅರ್ಥ. ಮುನಿದವನ ಮನೆಗೆ ಮೊದಲು ಹೋದವನು ತಪ್ಪು ತನ್ನದೆಂದು ಒಪ್ಪಿಕೊಂಡಂತೆ. ಹಾಗಾಗಿ ಯಾರೂ ಹೋಗಲಿಲ್ಲ. ಪೆಟ್ಟಿಗೆ ಪೇರಿಸುವ ವಿಷಯಕ್ಕೆ ಹಿಂದಿನ ವಾರ ಅವನಿಗೂ ಮಿಲಾಗೂ ಸಣ್ಣ ಮಾತಾಗಿತ್ತು, ಅದೇ ಇರಬೇಕೆಂದರು. "ಗಂಡಸರಿಗೆ ಕೋಪ ಮೂಗಿನ ತುದೀಲೇ, ಬರ್ತಾನೆ ಬಿಡಿ," ಎಂದು ಒಬ್ಬಾಕೆ ಹೇಳಿದ್ದನ್ನು ನಾನೂ ತಲೆಯಾಡಿಸಿ ಒಪ್ಪಿದೆ. ದ್ರಾಕ್ಷಿ ಚಪ್ಪರದಾಚೆ ಅವನ ಅಡುಗೆಮನೆಯ ದೀಪ ಕಾಣುತ್ತಿತ್ತು. ನೋಡಿಕೊಂಡು ಸುಮ್ಮನಿದ್ದೆ.

ಕೊನೆಗೆ ನಲ್ಲಿಯ ನೆಪ ಮಾಡಿಕೊಂಡು ಹೋದೆ. ಬಾಗಿಲು ಅರ್ಧ ತೆಗೆದ. ನಲ್ಲಿಗೆ ಹಾಕುವ ರಬ್ಬರು ಇದೆಯಾ ಎಂದೆ. ನೆಲಮಾಳಿಗೆಯಲ್ಲಿದೆ, ತಂದುಕೊಡ್ತೀನಿ, ಇಲ್ಲೇ ಇರು ಎಂದ. ನಾನು ಎಂದಿನಂತೆ ಅವನ ಹಿಂದೆಯೇ ಇಳಿದೆ. ಬಾಯ್ಲರಿನ ಪಕ್ಕದಲ್ಲಿ ಕಟ್ಟಿದ ಹಗ್ಗದ ಮೇಲೆ, ಟವೆಲ್ಲುಗಳ ನಡುವೆ, ಬಟ್ಟೆಯ ಕ್ಲಿಪ್ಪು ಹಾಕಿ ಒಣಗಿಸಿದ್ದ ಚೀಲಗಳು ಕಂಡವು. ನಾವು ಪ್ರತಿ ಗುರುವಾರ ನೋಡುವಂಥವೇ.

ಅವನು ರಬ್ಬರು ಹುಡುಕುವುದನ್ನು ನಿಲ್ಲಿಸಲಿಲ್ಲ. ನನಗೆ ಬೆನ್ನು ತೋರಿಸಿಕೊಂಡೇ ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿದ ಮೇಲೆ ನಾನು ಆ ದಿನದ ನಾತ ಪೀಪಾಯಿಯದು, ಎಲೆಕೋಸು ಕೆಟ್ಟಿತ್ತು, ನಾನೇ ಕಣ್ಣಾರೆ ನೋಡಿದೆ ಎಂದೆ.

"ಮಿಲಾ ಒಳ್ಳೆಯವಳು ಕಣಯ್ಯ," ಎಂದ ಇಮ್ರೊ. "ಒಳ್ಳೆಯವರು ತಪ್ಪನ್ನ ಪೀಪಾಯಿ ಮೇಲೆ ಹಾಕ್ತಾರೆ."

"ನಿಜವಾಗ್ಲೂ ಪೀಪಾಯಿಯೇ."

"ಆಯ್ತು. ಆವತ್ತು ಪೀಪಾಯಿ. ನಾಳೆ?"

ಶಾಲೆಯಲ್ಲಿ ಇದೇ ಚೀಲಗಳು ಕಪಾಟಿನ ತುಂಬ ಇವೆಯಲ್ಲ ಎಂದೆ. ಅವನು ಮೊದಲ ಬಾರಿಗೆ ತಿರುಗಿ ನನ್ನನ್ನು ನೋಡಿದ.

"ಅದು ಅವರದು. ಅಲ್ಲಿ ಚೀಲವೇ ಇಲ್ಲದೆ ಬಟ್ಟೆ ಸುತ್ಕೊಂಡು ಕೂತಿರ್ತಾನೆ ಒಬ್ಬ. ಅವನ ಕೈಯಿಂದ ಕಿತ್ಕೊಳ್ಲಾ?" ಮತ್ತೆ ಹಗ್ಗದ ಕಡೆ ತಿರುಗಿ, "ಕಸದ ಡಬ್ಬಿಯಿಂದಾದರೆ ತಗೋತೀನಿ. ಕಸ ಯಾರದೂ ಅಲ್ಲ," ಎಂದ.

ಹಾಗೆ ಒಪ್ಪಂದವಾಯಿತು. ನಮ್ಮಲ್ಲಿ ಎಸೆದದ್ದನ್ನು ಎತ್ತಿಕೊಳ್ಳುವುದು ಮಾನಗೇಡಿನ ಕೆಲಸವಲ್ಲ. ಅದು ಮನೆವಂತರ ಲಕ್ಷಣ. ಕೊಟ್ಟದ್ದನ್ನು ಕೈಯೊಡ್ಡಿ ತೆಗೆದುಕೊಳ್ಳುವುದೇ ಮಾನಗೇಡು.

ಗುರುವಾರ ಎಲ್ಲರೂ ಕಾಫಿಗೆ ಕೆಳಗಿಳಿದಾಗ ನಾನು ನೀಲಿ ಡಬ್ಬಿಗೆ ಕೈಹಾಕುತ್ತಿದ್ದೆ. ಅಲ್ಲಿ ಇಮ್ರೊಗೆ ಆಗುವ ಚೀಲ ಸಿಗುತ್ತಿದ್ದುದು ಅಪರೂಪ. ಅವಧಿ ಹತ್ತಿರವಾದದ್ದನ್ನು ಆಸ್ಪತ್ರೆಯವರು ನಮಗೆ ಕಳಿಸುತ್ತಲೇ ಇರಲಿಲ್ಲ. ಎಲ್ಲೋ ಒಂದು ಪೆಟ್ಟಿಗೆ ತಪ್ಪಿ ಬಂದರೆ ಬಂತು. ಹೀಗೆ ಒಮ್ಮೆ ಡಬ್ಬಿಯೊಳಗೆ ಬಗ್ಗಿದ್ದಾಗ ಮಿಲಾ ಬಾಗಿಲಿಗೆ ಬಂದಳು. ನನ್ನ ಕೈಯಲ್ಲಿ ಏನಿದೆ ಎಂದು ನೋಡಿದಳು. ಕಾಫಿ ಆರುತ್ತಿದೆ ಎಂದು ಹೇಳಿ ಹೋದಳು. ನಲವತ್ತು ವರ್ಷ ನರ್ಸಾಗಿದ್ದವಳು. ಅಂಗಿ ಹೊರಗೆ ಬಿಟ್ಟ ಇಮ್ರೊ ಕೂರುವಾಗ ಎಡಗೈಯನ್ನು ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದುದನ್ನು ಅವಳು ನೋಡದೇ ಇರಲಿಲ್ಲ.

ಅದರ ಮುಂದಿನ ವಾರದಿಂದ ಡಬ್ಬಿ ಉದಾರವಾಯಿತು. ಚೀಲದ ಪೆಟ್ಟಿಗೆಗಳು ಮೇಲೆಯೇ ಇರುತ್ತಿದ್ದವು. ತಾರೀಖು ಇನ್ನೂ ದೂರವಿತ್ತು, ಮೂಲೆ ಮಾತ್ರ ಹರಿದಿತ್ತು. ಲಾರಿಯಲ್ಲಿ ಬರುವಾಗ ಹರಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅನುಮಾನ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಮ್ರೊ ಮತ್ತೆ ಅಂಗಳಕ್ಕೆ ಬರತೊಡಗಿದ್ದ, ಚಪ್ಪರದ ಬಳ್ಳಿ ಕತ್ತರಿಸಿದ್ದ. ನಾನು ಅನುಮಾನವನ್ನು ನುಂಗಿಕೊಂಡು ಪೆಟ್ಟಿಗೆಗಳನ್ನು ಕೋಟಿನೊಳಗೆ ಇಟ್ಟು ತರುತ್ತಿದ್ದೆ.

ಇಮ್ರೊ ನುಂಗಲಿಲ್ಲ. ಒಂದು ದಿನ ನನ್ನನ್ನು ಅಡುಗೆಮನೆಯ ಮೇಜಿಗೆ ಕರೆದ. ನಾನು ತಂದ ಪೆಟ್ಟಿಗೆಗಳೆಲ್ಲ ಸಾಲಾಗಿ ಇದ್ದವು. ಎಲ್ಲವೂ ಒಂದೇ ಅಳತೆ, ಅವನ ಅಳತೆ. ಎಲ್ಲದರಲ್ಲೂ ಒಂದೇ ಮೂಲೆ, ಒಂದೇ ಥರ ಹರಿದಿತ್ತು. ಇದು ಹೆಬ್ಬೆರಳಿನ ಕೆಲಸ ಎಂದ. ಮಿಲಾಗೆ ಗೊತ್ತು ಅಂತಾಯಿತು, ಅವಳಿಗೆ ಗೊತ್ತಾದರೆ ಎಲ್ಲರಿಗೂ ಗೊತ್ತು ಅಂತಾಯಿತು ಎಂದ. ನಾನು ಹೇಳಿಲ್ಲ ಎಂದು ಆಣೆ ಮಾಡಿದೆ. ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಹರಿದ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ ಒತ್ತಿ ಸೇರಿಸಲು ನೋಡುತ್ತಿದ್ದ.

"ಇದು ಹಡಗಿಗೆ ಹೋಗ್ಬೇಕಾಗಿದ್ದ ಸಾಮಾನು, ಮೇಷ್ಟ್ರೇ. ಎಲ್ಲ ಸರಿಯಾಗಿದ್ದಿದ್ದು. ನನ್ನ ಮಾನ ಮುಚ್ಚೋಕೆ ಅಂತ ಕಸ ಮಾಡಿದಾರೆ."

ನಾನು ಅವನನ್ನು ಅಷ್ಟು ನಾಚಿಕೆಯಲ್ಲಿ ಎಂದೂ ನೋಡಿರಲಿಲ್ಲ, ಅವನ ನೆಲಮಾಳಿಗೆಯಲ್ಲಿ ಆ ಚೀಲಗಳನ್ನು ಕಂಡ ದಿನ ಕೂಡ. ಹೊಟ್ಟೆಯ ತೂತು ದೇವರು ಕೊಟ್ಟದ್ದು, ಡಾಕ್ಟರು ಮಾಡಿದ್ದು. ಒಳ್ಳೆಯ ವಸ್ತುವೊಂದು ತನ್ನಿಂದಾಗಿ ಹಾಳಾಗುವುದು ಬೇರೆ. ಅವನ ಕ್ರೇನಿನ ಕೊಪ್ಪರಿಗೆಯಿಂದ ಒಂದು ಹನಿ ಕೂಡ ಎಂದೂ ಕೆಳಗೆ ಬಿದ್ದಿರಲಿಲ್ಲ.

ಮುಂದಿನ ಗುರುವಾರ ಅವನು ಭಾನುವಾರದ ಕೋಟು ಹಾಕಿಕೊಂಡು, ಆ ಪೆಟ್ಟಿಗೆಗಳನ್ನು ಒಂದು ಕೈಚೀಲದಲ್ಲಿ ತುಂಬಿಕೊಂಡು ನನ್ನ ಬಾಗಿಲಿಗೆ ಬಂದ. ಇಬ್ಬರೂ ನಡೆದು ಹೋದೆವು. ತರಗತಿಗೆ ಹೋಗುತ್ತಾನೆಂದುಕೊಂಡೆ, ಅವನು ನೇರ ನೆಲಮಾಳಿಗೆಯ ಮೆಟ್ಟಿಲಿಳಿದ. ಹೆಂಗಸರೆಲ್ಲ ಉದ್ದ ಮೇಜಿನ ಎರಡು ಬದಿಗೆ ಕೂತು ಕಡುಬಿನ ಅಂಚು ಚಿವುಟುತ್ತಿದ್ದರು. ಅವನನ್ನು ಕಂಡು ಯಾರೋ, ಬಂದನಪ್ಪ ಮದುಮಗ ಎಂದರು. ಅವನು ಪೆಟ್ಟಿಗೆಗಳನ್ನು ಹಿಟ್ಟು ಚೆಲ್ಲಿದ್ದ ಮೇಜಿನ ಮೇಲೆ ಒಂದೊಂದಾಗಿ, ಸದ್ದಿಲ್ಲದೆ ಇಟ್ಟ.

"ನನ್ನ ಹೊಟ್ಟೆಯಲ್ಲಿ ಒಂದು ತೂತಿದೆ," ಎಂದ. "ಕಕ್ಕಸು ಅಲ್ಲಿಂದಾನೇ ಬರುತ್ತೆ. ಅದಕ್ಕೆ ಈ ಚೀಲ ಬೇಕು, ವಿಮೆಯವರು ಕೊಡೋದು ಸಾಲಲ್ಲ. ಆವತ್ತು ನಾತ ನನ್ನದೇ ಇದ್ದಿರಬಹುದು, ಪೀಪಾಯಿಯದೂ ಇರಬಹುದು. ಈ ಪೆಟ್ಟಿಗೆ ಹರಿಯೋದು ನಿಲ್ಲಿಸಿ. ನನಗೆ ಬೇಕು ಅಂತ ನಾನೇ ಕೇಳ್ತಾ ಇದೀನಿ. ಇಲ್ಲ ಅಂದ್ರೆ ಇಲ್ಲ ಅನ್ನಿ."

ಹೆಂಗಸರು ತಲೆ ಎತ್ತಲಿಲ್ಲ, ಕೈಗಳೂ ನಿಲ್ಲಲಿಲ್ಲ. ಅವರಲ್ಲಿ ಹೆಚ್ಚಿನವರು ಕಾರ್ಖಾನೆಯವರ ಹೆಂಡಿರು, ವಿಧವೆಯರು. ಅವರ ಮುಖ ಕೆಂಪಾಗಿತ್ತು. ಇಮ್ರೊನಿಗಾಗಿ ನಾಚಿದರೋ ತಮಗಾಗಿ ನಾಚಿದರೋ ಆಗ ನನಗೆ ತಿಳಿಯಲಿಲ್ಲ. ಮಿಲಾ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ನಿನ್ನ ಅಳತೆ ನನಗೆ ಗೊತ್ತು," ಎಂದಳು. "ಕೂತ್ಕೊ. ಆಲೂಗಡ್ಡೆ ಸುಲಿ."

ಅವನು ಕೋಟು ಬಿಚ್ಚಿ ಕೂತು ಸುಲಿದ. ಮಿಲಾ ಮಾತ್ರ ಮೇಲೆ ಹೋಗಿ ಆಸ್ಪತ್ರೆಯ ಉಗ್ರಾಣದವನಿಗೆ ಫೋನು ಮಾಡಿದಳು. ಕರಾರು ಮುರಿಯಲಾಗದು, ಹಡಗಿಗೆ ಹೋಗುವಂಥದ್ದನ್ನು ಊರಿನಲ್ಲಿ ಕೊಡುವಂತಿಲ್ಲ ಎಂದು ಅವನು ಹೇಳಿದ. ಅವಧಿ ಹತ್ತಿರವಾದದ್ದು ನಿಮ್ಮಲ್ಲಿ ಇರುತ್ತದಲ್ಲ, ಅದನ್ನು ಕೊಡಬಹುದೇ ಎಂದು ಇವಳು ಕೇಳಿದಳು. ಯಾರಿಗೆ ಬೇಕಾದರೂ ಕೊಡಿ ಎಂದನಂತೆ. ಅದು ಇಲ್ಲಿ ರಾಶಿ ರಾಶಿ ಇದೆ, ಪ್ರತಿ ತಿಂಗಳು ಸುಡಲು ಕಳಿಸುತ್ತೇವೆ. ನೀವೇ ತಾನೇ ನಮಗೆ ಬೇಡ ಅಂದಿದ್ದು ಎಂದೂ ಕೇಳಿದನಂತೆ.

ಮಿಲಾ ಕೆಳಗೆ ಬಂದು ಇದನ್ನು ಹೇಳಿದಾಗ ಅವಳ ದನಿ ಸಣ್ಣದಾಗಿತ್ತು. ಬೇಡ ಎಂದು ಹೇಳಿದ್ದು ಅವಳೇ, ಸಮುದ್ರದಾಚೆಯವರ ಮರ್ಯಾದೆಗಾಗಿ. ಮೂರೇ ತಿಂಗಳಿಗೆ ಅವಧಿ ಮುಗಿಯುವ ಚೀಲ ಮಲಾವಿಗೆ ನಿರುಪಯೋಗಿ, ಪಕ್ಕದ ಬೀದಿಗೆ ಅಲ್ಲ. ಪಕ್ಕದ ಬೀದಿಯಲ್ಲಿ ಯಾರಿಗಾದರೂ ಬೇಕಾದೀತು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕೊಡುವವರು ನಾವು, ತೆಗೆದುಕೊಳ್ಳುವವರು ದೂರದವರು ಎಂಬುದು ನಮ್ಮ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು. ಆ ಸಂಜೆ ಪಾತ್ರೆ ತೊಳೆಯುವಾಗ ಒಬ್ಬಾಕೆ ಮಿಲಾಳನ್ನು ಮೂಲೆಗೆ ಕರೆದು ಗಂಡನ ಡಯಾಪರಿನ ಬಗ್ಗೆ ಕೇಳಿದಳು. ಇನ್ನೊಬ್ಬಳು ಸಕ್ಕರೆ ಪರೀಕ್ಷೆಯ ಪಟ್ಟಿಯ ಬಗ್ಗೆ. ಆಗ ನನಗೆ ತಿಳಿಯಿತು ಅವರು ಯಾಕೆ ತಲೆ ಎತ್ತಿರಲಿಲ್ಲ ಎಂದು.

ಆಸ್ಪತ್ರೆಯ ಲಾರಿಯಲ್ಲಿ ಎರಡು ರಾಶಿ ಬರತೊಡಗಿದವು. ಹತ್ತಿರದ ತಾರೀಖಿನವನ್ನು ಶಾಲೆಯ ಹಿಂಬಾಗಿಲ ಬಳಿ ಒಂದು ಮೇಜಿನ ಮೇಲೆ ಇಟ್ಟೆವು. ಯಾರೂ ಬರಲಿಲ್ಲ. ಪರದೆ ಕಟ್ಟಿದೆವು, ಆಗಲೂ ಬರಲಿಲ್ಲ. ಪರದೆ ನೋಡಿದರೆ ಒಳಗೆ ಏನೋ ಹೊಲಸು ನಡೀತಿದೆ ಅನ್ನಿಸುತ್ತೆ ಎಂದು ಇಮ್ರೊ ಅದನ್ನು ಕಿತ್ತುಹಾಕಿ, ಬಾಗಿಲು ಪೂರ್ತಿ ತೆಗೆದು, ಕುರ್ಚಿ ಹಾಕಿಕೊಂಡು ಕೂತ. ಕಾರ್ಖಾನೆಯ ಹಳಬರು ಕಡುಬು ಕೊಳ್ಳುವ ನೆಪದಲ್ಲಿ ಸುಳಿದರೆ ಎತ್ತಿ ತೋರಿಸುವವನಂತೆ ಅಂಗಿಗೆ ಕೈಹಾಕಿ ಹೇಳುತ್ತಿದ್ದ: "ನನಗೆ ಹೊಟ್ಟೆಯಲ್ಲಿ ತೂತು. ನಿನಗೆಲ್ಲೋ?" ಅವರು ಬೈದು ನಗುತ್ತಿದ್ದರು. ನಕ್ಕ ಮೇಲೆ ಹೇಳುವುದು ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವನಿಗೂ ಪ್ರತಿ ಬಾರಿ ಅದನ್ನು ಹೇಳುವುದು ಸುಲಭವಿರಲಿಲ್ಲ. ಹೇಳಿದ ಮೇಲೆ ಕಿವಿ ಕೆಂಪಗಾಗುತ್ತಿದ್ದುದನ್ನು ಪಕ್ಕದಲ್ಲಿ ಕೂತ ನಾನು ನೋಡುತ್ತಿದ್ದೆ. ಹೃದಯ ನಿಂತು ಅವನು ಸತ್ತದ್ದು ಒಂದು ಮಂಗಳವಾರ, ಅಂಗಳದಲ್ಲಿ. ಹಿಂದಿನ ಗುರುವಾರ ಆ ಕುರ್ಚಿಯಲ್ಲಿ ಕೂತಿದ್ದ.

ಅವನನ್ನು ಮಣ್ಣು ಮಾಡಿದ ನಂತರದ ಗುರುವಾರ ಮಿಲಾ ನನ್ನನ್ನು ಅಲ್ಲಿ ಕೂರಿಸಿದಳು. ಕುಲುಮೆಯಲ್ಲಿ ಕೆಲಸ ಮಾಡುತ್ತಿದ್ದ ಡುಶಾನ್ ಎಂಬ ದೊಡ್ಡ ಆಳು ಕುಂಟುತ್ತ ಬಂದು ಬಾಗಿಲಲ್ಲಿ ನಿಂತ. ಮೇಜಿನ ಮೇಲಿದ್ದ ಗಾಯದ ಪಟ್ಟಿಗಳ ಕಡೆ ಒಮ್ಮೆ ನೋಡಿ ಬೇರೆ ಕಡೆ ನೋಡಿದ. ಬನ್ನಿ ಎಂದೆ. ಇಮ್ರೊನ ಬಗ್ಗೆ ಒಂದೆರಡು ಮಾತಾಡಿದ. ಕಡುಬು ಎಷ್ಟು ಹೊತ್ತಿಗೆ ಎಂದು ಕೇಳಿ, ಬರಿಗೈಯಲ್ಲಿ ತನ್ನ ಟ್ರಕ್ಕಿನ ಕಡೆ ಹೊರಟ.

ನನ್ನ ಬಳಿ ಹೇಳುವ ಮಾತೊಂದಿತ್ತು. ಪ್ರಾಸ್ಟೇಟ್ ಆಪರೇಷನ್ ಆದಾಗಿನಿಂದ ನನಗೆ ಮೂತ್ರ ನಿಲ್ಲುವುದಿಲ್ಲ. ಯಾರ ಗುರುತೂ ಇರದ ಬೇರೆ ಊರಿನ ಅಂಗಡಿಗೆ ಕಾರು ಓಡಿಸಿಕೊಂಡು ಹೋಗಿ ಪ್ಯಾಡು ಕೊಂಡು ತರುತ್ತೇನೆ. ಅವು ಆ ಮೇಜಿನ ಮೇಲೂ ಇದ್ದವು. ಇಮ್ರೊನ ಪಕ್ಕದಲ್ಲಿ ಅಷ್ಟು ದಿನ ಕೂತಿದ್ದೆ, ಅವನಿಗೂ ಹೇಳಿರಲಿಲ್ಲ.

ಎದ್ದು ಡುಶಾನನ ಹಿಂದೆ ಹೋದೆ. ಟ್ರಕ್ಕಿನ ಗಾಜಿನ ಬಳಿ ನಿಂತು ಹೇಳಿದೆ. ಇಮ್ರೊನಂತೆ ನಗಿಸಲು ನನಗೆ ಬರಲಿಲ್ಲ, ಪಾಠ ಒಪ್ಪಿಸಿದಂತೆ ಹೇಳಿದೆ. ಅವನು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಕೇಳಿದ.

"ನೀವೂನಾ ಮೇಷ್ಟ್ರೇ?" ಎಂದ. ಗಾಡಿಯ ಬಾಗಿಲು ತೆರೆದು, "ಕಾಲಲ್ಲಿ ಒಂದು ಹುಣ್ಣು. ಮಾಯ್ತಾ ಇಲ್ಲ," ಎಂದ.

ಗಾಡಿಯಿಂದ ಇಳಿಯಲು ಅವನಿಗೆ ಕೈಕೊಟ್ಟೆ. ಇಬ್ಬರೂ ತಲೆ ತಗ್ಗಿಸಿಕೊಂಡೇ ಒಳಗೆ ಬಂದೆವು.